ಯಾವ ಜಾವಾ ಒರಿಜಿನಲ್?

ಹಳೆಯ ಜಾವಾ ಅಥವಾ ಯೆಜ್ಡಿ ಮೋಟಾರ್‌ಸೈಕಲ್ಲನ್ನು ಮನೆಯ ಶೆಡ್ಡಿಗೆ ತಂದು, ಕೊನೆಯ ಬೋಲ್ಟಿನವರೆಗೂ ಬಿಚ್ಚಿ, ಮತ್ತೆ ಜೋಡಿಸಿ ರಸ್ತೆಗಿಳಿಸುವ ಹವ್ಯಾಸಿಗಳಲ್ಲಿ ಎರಡು ಪಂಗಡಗಳಿವೆ. ಮೊದಲನೆಯವರಿಗೆ ಗಾಡಿ ಮೈಸೂರಿನ ಕಾರ್ಖಾನೆಯ ಗೇಟು ದಾಟಿದ ದಿನ ಹೇಗಿತ್ತೋ ಹಾಗೇ ಆಗಬೇಕು. ಟ್ಯಾಂಕಿನ ಮರೂನ್ ಬಣ್ಣ ಒಂದು ಛಾಯೆ ಆಚೀಚೆಯಾದರೂ, ಸೀಟಿನ ಹೊಲಿಗೆ ಬೇರೆಯಾದರೂ ಅದು ‘ಒರಿಜಿನಲ್’ ಅಲ್ಲ. ಎರಡನೆಯವರಿಗೆ ಹಳೆಯ ಗಾಡಿ ಎಂದರೆ ಕಚ್ಚಾವಸ್ತು. ಮಡ್‌ಗಾರ್ಡ್ ಕತ್ತರಿಸಿ, ಹ್ಯಾಂಡಲ್ ತಗ್ಗಿಸಿ, ಟ್ಯಾಂಕಿಗೆ ಮ್ಯಾಟ್ ಕಪ್ಪು ಬಳಿದು ತಮ್ಮದೇ ಒಂದು ಗಾಡಿ ಕಟ್ಟಬೇಕು. ಮೊದಲಿನವರು ಎರಡನೆಯವರನ್ನು ಇತಿಹಾಸ ಹಾಳುಗೆಡವುವವರೆಂದು ಬೈಯುತ್ತಾರೆ. ಎರಡನೆಯವರು ಮೊದಲಿನವರನ್ನು ಓಡದ ಗಾಡಿಗೆ ಪೂಜೆ ಮಾಡುವವರೆಂದು ಹಂಗಿಸುತ್ತಾರೆ. ಈ ಜಗಳದಲ್ಲಿ ಇಬ್ಬರೂ ಒಂದು ಮಾತನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ: ಗಾಡಿ ಒಂದು ದಿನ ಕಾರ್ಖಾನೆಯಲ್ಲಿ ಪೂರ್ಣಗೊಂಡಿತು, ಆಮೇಲೆ ಆದದ್ದೆಲ್ಲ ಅದರಿಂದ ದೂರ ಸರಿದದ್ದು ಎಂಬ ಮಾತು. ಮೈಸೂರಿನ ಜಾವಾದ ಇತಿಹಾಸ ಇದನ್ನು ಒಪ್ಪುವುದಿಲ್ಲ. ಬದಲಾಗುತ್ತಲೇ ಬಂದದ್ದೇ ಆ ಗಾಡಿಯ ಚರಿತ್ರೆ. ಹಾಗಾಗಿ ಬದಲಾಯಿಸಬೇಕೋ ಬೇಡವೋ ಎಂಬುದು ಎರಡನೆಯ ಪ್ರಶ್ನೆ. ಬದಲಾಯಿಸಿದ್ದಕ್ಕೆ ದಾಖಲೆ ಉಳಿಯುತ್ತದೆಯೇ ಎಂಬುದು ಮೊದಲನೆಯದು.

ಈ ಗಾಡಿಯ ಹುಟ್ಟೇ ಕಸಿಯಿಂದ ಆದದ್ದು. ಪ್ರಾಗ್ ನಗರದ ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ಜಾವಾ ಎಂದು ಕರೆದ. ಎರಡನೆಯ ಮಹಾಯುದ್ಧದ ನಂತರ ಕಂಪನಿ ಜೆಕೊಸ್ಲೊವಾಕಿಯಾ ಸರ್ಕಾರದ ಪಾಲಾಯಿತು. 1950ರ ದಶಕದಲ್ಲಿ ಅಲ್ಲಿಂದ ಹೊರಬಂದ 250 ಸಿಸಿಯ 353 ಮಾದರಿ ಹಲವು ದೇಶಗಳಿಗೆ ಹೋಯಿತು. ಮುಂಬಯಿಯಲ್ಲಿ ಅದನ್ನು ಆಮದು ಮಾಡಿಕೊಂಡು ಮಾರುತ್ತಿದ್ದವರು ರುಸ್ತುಂ ಮತ್ತು ಫಾರೂಕ್ ಇರಾನಿ. ಸ್ವತಂತ್ರ ಭಾರತದ ಆಮದು ನೀತಿ ಬಿಗಿಯಾಗಿ, ಪೂರ್ತಿ ತಯಾರಾದ ಗಾಡಿಗಳನ್ನು ತರುವ ದಾರಿ ಮುಚ್ಚುತ್ತಾ ಬಂದಾಗ ಇರಾನಿಗಳಿಗೆ ಉಳಿದದ್ದು ಇಲ್ಲೇ ತಯಾರಿಸುವ ದಾರಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು; 1961ರಲ್ಲಿ ಉತ್ಪಾದನೆ ಶುರುವಾಯಿತು. ಗಂಧದೆಣ್ಣೆ, ರೇಷ್ಮೆ, ರೈಲ್ವೆ ವರ್ಕ್‌ಶಾಪುಗಳ ಊರಿಗೆ ಮೋಟಾರ್‌ಸೈಕಲ್ ಕೂಡ ಸೇರಿಕೊಂಡದ್ದು ಹೀಗೆ.

ಮೊದಲು ಬಂದದ್ದು ಜೆಕ್ ಬಿಡಿಭಾಗಗಳ ಪೆಟ್ಟಿಗೆಗಳು. ಆರಂಭದ ಗಾಡಿಗಳಲ್ಲಿ ಜಿಕೋವ್ ಕಾರ್ಬೊರೇಟರ್, ಪಾಲ್ ಕಂಪನಿಯ ವಿದ್ಯುತ್ ಭಾಗಗಳು ಇದ್ದವು; ಇವತ್ತು ಸಂಗ್ರಾಹಕರು ಗುಜರಿ ಅಂಗಡಿಗಳಲ್ಲಿ ಹುಡುಕುವುದೂ ಇವನ್ನೇ. ವರ್ಷಗಳು ಕಳೆದಂತೆ ಒಂದೊಂದೇ ಭಾಗ ಭಾರತದಲ್ಲಿ ತಯಾರಾಗತೊಡಗಿ ಜೆಕ್ ಮಾಲು ಹಿಂದೆ ಸರಿಯಿತು. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರೇ ಬದಲಾಗಿ ಯೆಜ್ಡಿಯಾಯಿತು. ಆ ದಶಕದ ಕೊನೆಗೆ ರೋಡ್‌ಕಿಂಗ್ ಬಂತು. ಅದರ ಸುತ್ತಮುತ್ತ ಮೊನಾರ್ಕ್, ಡೀಲಕ್ಸ್, ಸಿಎಲ್-2, ಎರಡು ಸಿಲಿಂಡರಿನ 350 ಎಂದು ಬಳಗವೇ ಬೆಳೆಯಿತು. ಹೀಗೆ ಮೂರೂವರೆ ದಶಕ ಬದಲಾಗುತ್ತಲೇ ಇದ್ದ ಗಾಡಿಯಲ್ಲಿ ಯಾವ ದಿನದ ರೂಪವನ್ನು ಮೂಲ ಎನ್ನುವುದು? ಒರಿಜಿನಲ್‌ವಾದಿ ಇದಕ್ಕೆ ‘ಆ ಗಾಡಿ ತಯಾರಾದ ವರ್ಷದ ರೂಪ’ ಎನ್ನುತ್ತಾನೆ. ಉತ್ತರ ನ್ಯಾಯವಾಗಿಯೇ ಇದೆ. ಆದರೆ ದಾಸ್ತಾನಿನಲ್ಲಿ ಇದ್ದದ್ದನ್ನು ಮೊದಲು ಜೋಡಿಸಿ, ಅದು ಮುಗಿದ ಮೇಲೆ ಹೊಸತಕ್ಕೆ ಕೈಹಾಕುವ ಕಾರ್ಖಾನೆಯಲ್ಲಿ ವರ್ಷ ಎಂಬುದು ಗಟ್ಟಿಯಾದ ಗೆರೆಯಲ್ಲ. ಒಂದೇ ವರ್ಷದ ಎರಡು ಗಾಡಿಗಳಲ್ಲಿ ಸಣ್ಣಪುಟ್ಟ ಭಾಗಗಳು ಬೇರೆ ಬೇರೆ ಇದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಗಾಡಿಯ ಒಳಗೆ ಕಣ್ಣು ಹಾಯಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಜಾವಾ 250ರ ಎಂಜಿನ್ ಎರಡು ಸ್ಟ್ರೋಕಿನದು. ಅದಕ್ಕೆ ವಾಲ್ವುಗಳಿಲ್ಲ, ಗಾಳಿ, ಪೆಟ್ರೋಲು, ಹೊಗೆ ಎಲ್ಲವೂ ಸಿಲಿಂಡರ್ ಗೋಡೆಯ ಕಿಂಡಿಗಳಲ್ಲಿ ಓಡಾಡುತ್ತವೆ, ಆ ಕಿಂಡಿಗಳನ್ನು ತೆರೆದು ಮುಚ್ಚುವ ಕೆಲಸ ಪಿಸ್ಟನ್ನಿನದು. ಪಿಸ್ಟನ್ ಉಜ್ಜಿ ಉಜ್ಜಿ ಸಿಲಿಂಡರ್ ಸವೆದರೆ ಎಳೆತ ಕುಗ್ಗುತ್ತದೆ, ಗಾಡಿ ಕಿಕ್ ತಗೊಳ್ಳುವುದಿಲ್ಲ. ಆಗ ಲೇತ್‌ನವರ ಹತ್ತಿರ ಸಿಲಿಂಡರ್ ‘ಬೋರ್’ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಬೇಕು. ಮೂಲ ಅಳತೆ 65 ಮಿಲಿಮೀಟರ್ ವ್ಯಾಸ, 75 ಮಿಲಿಮೀಟರ್ ಓಟ. ಲೆಕ್ಕ ಹಾಕಿದರೆ ಸುಮಾರು 249 ಸಿಸಿ. ಒಮ್ಮೆ ಬೋರಾದರೆ ವ್ಯಾಸ 65.25, ಎರಡನೆಯ ಸಲಕ್ಕೆ 65.50. ಅಷ್ಟೊತ್ತಿಗೆ ಎಂಜಿನ್ 252 ಸಿಸಿ ದಾಟಿರುತ್ತದೆ. ಹೆಡ್ ಬಿಚ್ಚಿ, ಪಿಸ್ಟನ್ನಿನ ತಲೆಯ ಮೇಲೆ ಕಟ್ಟಿದ ಇಂಗಾಲವನ್ನು ಕೆರೆದಾಗ ಅಲ್ಲಿ ಒತ್ತಿರುವ ‘0.50’ ಕಂಡರೆ, ಆ ಗಾಡಿ ಎರಡು ಆಯಸ್ಸನ್ನು ಕಳೆದು ಮೂರನೆಯದರಲ್ಲಿದೆ ಎಂದರ್ಥ. ದೊಡ್ಡ ಅಳತೆಯ ಪಿಸ್ಟನ್ನುಗಳು ಬಿಡಿಭಾಗಗಳ ಪಟ್ಟಿಯಲ್ಲೇ ಇದ್ದವು. ಗಾಡಿ ಹೀಗೆ ಬದಲಾಗುತ್ತದೆಂದು ತಯಾರಕರಿಗೇ ಗೊತ್ತಿತ್ತು. ಎಂಜಿನ್ನಿನ ಒಡಲೇ ಹಿಗ್ಗುತ್ತಾ ಹೋಗುವ ಗಾಡಿಯಲ್ಲಿ ಹೆಡ್‌ಲೈಟ್ ರಿಮ್ಮಿಗೆ ಮಾತ್ರ ಮೂಲರೂಪದ ಪರೀಕ್ಷೆ ಒಡ್ಡುವುದು ಎಲ್ಲಿಯ ನ್ಯಾಯ?

ಕಾರ್ಖಾನೆಯ ಹೊರಗೆ ಬದಲಾವಣೆ ಇನ್ನೂ ಜೋರಾಗಿತ್ತು. 1960, 70ರ ದಶಕಗಳಲ್ಲಿ ಮೋಟಾರ್‌ಸೈಕಲ್ ದುಡಿಯುವ ಗಾಡಿ. ಹಿಂದೆ ಕ್ಯಾರಿಯರ್, ಪಕ್ಕದಲ್ಲಿ ಸೀರೆ ಗಾರ್ಡ್, ಮುಂದೆ ಕ್ರ್ಯಾಶ್ ಗಾರ್ಡ್, ಹಾಲಿನ ಕ್ಯಾನು ನೇತುಹಾಕಲು ವೆಲ್ಡ್ ಮಾಡಿಸಿದ ಕೊಕ್ಕೆ, ಇವೆಲ್ಲ ಅಗತ್ಯದಿಂದ ಬಂದವು. ಆರು ವೋಲ್ಟಿನ ಡೈನಮೋ ಕೊಡುವ ಬೆಳಕು ಹಳ್ಳಿ ರಸ್ತೆಯ ಕತ್ತಲೆಗೆ ಸಾಲದು; ಅದನ್ನು ಹನ್ನೆರಡು ವೋಲ್ಟಿಗೆ ಏರಿಸುವುದು ಇಂದಿಗೂ ಗ್ಯಾರೇಜುಗಳ ಮಾಮೂಲು ಕೆಲಸ. ಪಾಯಿಂಟುಗಳ ಅಂತರವನ್ನು ಫೀಲರ್ ಗೇಜ್‌ನಲ್ಲಿ 0.4 ಮಿಲಿಮೀಟರಿಗೆ ಕೂರಿಸುವ ಕಿರಿಕಿರಿ ಬೇಡವೆಂದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದವರೂ ಬೇಕಾದಷ್ಟು ಮಂದಿ. ದೇಶದ ಬೇರೆ ಕಡೆ ಇದೇ ಅಗತ್ಯ ಇನ್ನೂ ದೂರ ಹೋಗಿತ್ತು. ಯುದ್ಧಕಾಲದಿಂದ ಉಳಿದ ಅಮೆರಿಕನ್ ಮೋಟಾರ್‌ಸೈಕಲ್‌ಗಳ ಹಿಂದೆ ಬಂಡಿ ಕಟ್ಟಿ ದೆಹಲಿಯ ಚಾಂದನಿ ಚೌಕದಲ್ಲಿ ದಶಕಗಳ ಕಾಲ ಜನರನ್ನು ಹೊತ್ತ ಫಟ್‌ಫಟಿ, ಎನ್‌ಫೀಲ್ಡ್ ಬುಲೆಟ್ಟಿನ ಮುಂಭಾಗಕ್ಕೆ ಬಂಡಿಯ ಹಿಂಭಾಗ ಬೆಸೆದ ಸೌರಾಷ್ಟ್ರದ ಛಕಡಾ ಎರಡೂ ‘ಕಸ್ಟಮ್’ ಗಾಡಿಗಳೇ. ಅವನ್ನು ಕಟ್ಟಿದವರು ಹೊಟ್ಟೆಪಾಡಿಗೆ ಕಟ್ಟಿದರು ಅಷ್ಟೆ. ಗಾಡಿಯನ್ನು ಬದಲಾಯಿಸುವುದು ಹೊರಗಿನಿಂದ ಬಂದ ಹೊಸ ಶೋಕಿ ಎನ್ನುವವರು ಈ ಪರಂಪರೆಯನ್ನು ಮರೆತಿರುತ್ತಾರೆ.

1980ರ ದಶಕದ ನಡುವೆ ಜಪಾನಿನ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದವು: 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, ಮರುವರ್ಷ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100. ಹಗುರ, ಒಳ್ಳೆಯ ಮೈಲೇಜ್, ರಗಳೆ ಕಡಿಮೆ. ಕುಡಿತ ಜಾಸ್ತಿ, ಹೊಗೆ ಜಾಸ್ತಿ ಎನಿಸಿದ್ದ ಯೆಜ್ಡಿಗೆ ಅವುಗಳ ಎದುರು ನಿಲ್ಲುವುದು ಕಷ್ಟವಾಯಿತು. ಮೇಲಿಂದ ಕಾರ್ಮಿಕ ತಕರಾರು, 1996ರಲ್ಲಿ ಬಿಗಿಯಾದ ಹೊಗೆ ನಿಯಮ. ಆ ವರ್ಷವೇ ಮೈಸೂರಿನ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. 2001ರಲ್ಲಿ ಹೈಕೋರ್ಟ್ ಕಂಪನಿಯನ್ನು ಸಮಾಪನಗೊಳಿಸಲು ಆದೇಶಿಸಿತು. ಅಲ್ಲಿಗೆ ಗಾಡಿಯ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಾರ್ಖಾನೆಯಲ್ಲಿ ದುಡಿದವರಲ್ಲಿ ಕೆಲವರು ತಾವೇ ಗ್ಯಾರೇಜ್ ಇಟ್ಟರು. ಲೇತ್‌ನವರು ಕ್ರ್ಯಾಂಕ್ ಬಿಚ್ಚಿ ಹೊಸ ಪಿನ್ನು ಒತ್ತಿಕೊಟ್ಟರು, ಟಿಂಕರ್‌ಗಳು ಜಜ್ಜಿದ ಟ್ಯಾಂಕನ್ನು ಬಡಿದು ಸರಿಮಾಡಿದರು. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ ಅಂಗಡಿಗಳು, ಶಿವಾಜಿನಗರದ ಗುಜರಿಗಳು ಮಾಲು ಒದಗಿಸಿದವು. ಹೊಸ ಕಂಪನಿಯೊಂದು 2018ರಲ್ಲಿ ಜಾವಾ ಹೆಸರನ್ನು ಮತ್ತೆ ಮಾರುಕಟ್ಟೆಗೆ ತರುವವರೆಗಿನ ಇಪ್ಪತ್ತೆರಡು ವರ್ಷ ಈ ಗಾಡಿಗೆ ಗ್ಯಾರೇಜುಗಳೇ ಕಾರ್ಖಾನೆ. ಆ ಅವಧಿಯಲ್ಲಿ ಸೇರಿದ ಭಾಗಗಳನ್ನು ‘ಡೂಪ್ಲಿಕೇಟ್’ ಎಂದು ಕಿತ್ತೆಸೆಯುವವರು ಗಾಡಿಯನ್ನು ಬದುಕಿಸಿದವರ ಕೈಗುರುತನ್ನೇ ಅಳಿಸುತ್ತಿದ್ದಾರೆ.

ಒರಿಜಿನಲ್ ಎಂಬ ಹಂಬಲ ಹುಟ್ಟಿದ್ದು ಗಾಡಿ ದುಡಿಮೆಯಿಂದ ನಿವೃತ್ತವಾದ ಮೇಲೆ. ಮನೆಯಲ್ಲಿ ಓಡಾಟಕ್ಕೆ ಇನ್ನೊಂದು ಬೈಕೋ ಕಾರೋ ಇದ್ದಾಗ ಮಾತ್ರ ಹಳೆಯದನ್ನು ತಿಂಗಳುಗಟ್ಟಲೆ ಬಿಚ್ಚಿಡಬಹುದು. ಕ್ಲಬ್ಬುಗಳು ಹುಟ್ಟಿಕೊಂಡವು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ ನಡೆಯುವ ಜಾವಾ ದಿನಾಚರಣೆಗೆ ಗಾಡಿಗಳು ಸಾಲುಗಟ್ಟಿದವು. ಸಾಲಿನಲ್ಲಿ ನಿಂತ ಮೇಲೆ ಹೋಲಿಕೆ, ಹೋಲಿಕೆಯ ಹಿಂದೆ ಬೆಲೆ. ಒರಿಜಿನಲ್ ಎನ್ನುವುದು ಮಾರುಕಟ್ಟೆಯ ಅಳತೆಗೋಲೂ ಆಯಿತು. ಎದುರು ಪಂಗಡದ ಕಥೆಯೂ ಬೇರೆಯೇನಲ್ಲ. ಈಗ ಶೆಡ್ಡುಗಳಲ್ಲಿ ಕಟ್ಟುವ ಕೆಫೆ ರೇಸರ್ ಯುದ್ಧಾನಂತರದ ಇಂಗ್ಲೆಂಡಿನದು. ಲಂಡನ್ನಿನ ಏಸ್ ಕೆಫೆಯಂಥ ಅಡ್ಡೆಗಳ ಹುಡುಗರು ನಾರ್ಟನ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ ಟ್ರೈಟನ್ ಕಟ್ಟಿದ್ದು ವೇಗಕ್ಕಾಗಿ. ಬಾಬರ್ ಅಮೆರಿಕದ್ದು, ಅಲ್ಲಿ ಮುಂದಿನ ಮಡ್‌ಗಾರ್ಡ್ ಕಿತ್ತದ್ದು ಗಾಡಿಯ ತೂಕ ಇಳಿಸಲು. ಆ ವೇಗವೂ ಆ ರಸ್ತೆಯೂ ಇಲ್ಲದ ಕಡೆ ಅದೇ ಆಕಾರವನ್ನು ತಂದು ಕೂರಿಸಿದರೆ ಅದು ಬರೀ ವೇಷ. ಆದ್ದರಿಂದ ಈ ವಾದ ಎರಡನೆಯ ಪಂಗಡದ ವಕಾಲತ್ತೂ ಅಲ್ಲ. ಎರಡೂ ಪಂಗಡಗಳಿಗಿಂತ ಹಳೆಯದಾದ ಮೂರನೆಯ ಪರಂಪರೆಯೊಂದು ಇಲ್ಲಿ ಇತ್ತು: ಗಾಡಿ ನಾಳೆ ಬೆಳಿಗ್ಗೆ ಓಡಬೇಕು ಎಂಬ ಒಂದೇ ನಿಯಮದ ಪರಂಪರೆ.

ಈ ವಾದಕ್ಕೆ ಮೊದಲ ಆಕ್ಷೇಪ ಕಾನೂನಿನದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ ಐವತ್ತು ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ‘ವಿಂಟೇಜ್’ ಎಂದು ನೋಂದಣಿಯಾಗಬಹುದು. ನಂಬರಿನಲ್ಲಿ ‘ವಿಎ’ ಅಕ್ಷರ, ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಆದರೆ ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಭಾರೀ ಮಾರ್ಪಾಡು ಆಗಿರಬಾರದು. ಸರ್ಕಾರವೇ ಮೂಲರೂಪ ಕೇಳುತ್ತಿರುವಾಗ ಅದಕ್ಕೆ ಬೆಲೆಯಿಲ್ಲ ಎನ್ನುವುದು ಹೇಗೆ ಎಂದು ಕೇಳಬಹುದು. ನಿಯಮವನ್ನು ಗಮನವಿಟ್ಟು ಓದಿದರೆ ಅದು ಹಿಡಿದಿರುವುದು ಗಾಡಿಯ ಎಲುಬನ್ನು; ಬಲ್ಬು, ಪಾಯಿಂಟು, ಪಿಸ್ಟನ್ ಅಳತೆಯನ್ನಲ್ಲ. ಅಲ್ಲದೆ ಆ ನೋಂದಣಿ ಪಡೆದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಮಾಮೂಲಿ ಆರ್‌ಸಿಯಲ್ಲೇ ಓಡುವ ಯೆಜ್ಡಿಗಳಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದ್ದೇ ಇದೆ. ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಈ ಮಿತಿ ಸರಿಯಾದದ್ದೇ. ಫ್ರೇಮ್ ಕತ್ತರಿಸಿದ ಗಾಡಿ ಸವಾರನಿಗೂ ಅಪಾಯ, ಎದುರು ಬರುವವನಿಗೂ ಅಪಾಯ. ಆದರೆ ಕಾನೂನು ಕೇಳುವುದು ಸುರಕ್ಷತೆಯನ್ನು, ಗಾಡಿಯ ಗುರುತನ್ನು. ಇತಿಹಾಸದ ಪ್ರಶ್ನೆಗೆ ಉತ್ತರ ಕೊಡುವುದು ಅದರ ಕೆಲಸವಲ್ಲ.

ಇನ್ನೊಂದು ಕಡೆಯಿಂದಲೂ ಒರಿಜಿನಲ್‌ವಾದ ಸಡಿಲವಾಗುತ್ತದೆ. ಪ್ರದರ್ಶನದಲ್ಲಿ ಬಹುಮಾನ ಪಡೆದ ಜಾವಾ ಕೂಡ ಇಂದಿನ ಪೆಟ್ರೋಲಿನಲ್ಲೇ ಓಡಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ವಾಷರ್‌ಗಳನ್ನು ಉಬ್ಬಿಸಿ ಹಾಳುಮಾಡುತ್ತದೆ. ಅವನ್ನು ಬದಲಾಯಿಸದೆ ಬೇರೆ ದಾರಿಯಿಲ್ಲ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಹಿಂದಿನದಲ್ಲ, ಟೈರು ಹಿಂದಿನದಲ್ಲ, ಸ್ಪ್ರೇ ಗನ್ನಿನ ಬಣ್ಣವೂ ಅಂದಿನದಲ್ಲ. ಕಣ್ಣಿಗೆ ಕಾಣುವುದಷ್ಟೇ ಹಳತು, ಕಾಣದ್ದೆಲ್ಲ ಹೊಸತು. ಇದರಲ್ಲಿ ತಪ್ಪೇನಿಲ್ಲ, ಓಡುವ ಗಾಡಿಯ ಹಣೆಬರಹವೇ ಅದು. ಹೊಸ ಜಾವಾ ಇದೇ ಮಾತನ್ನು ಇನ್ನೂ ಜೋರಾಗಿ ಹೇಳುತ್ತದೆ. ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗಿ 2018ರಲ್ಲಿ ಬಂದ, ನಾಲ್ಕು ಸ್ಟ್ರೋಕಿನ, ನೀರಿನಿಂದ ತಂಪಾಗುವ 293 ಸಿಸಿ ಎಂಜಿನ್ನಿನ ಆ ಗಾಡಿಗೆ ಇದ್ದದ್ದು ಒಂದೇ ಸಿಲಿಂಡರ್. ಆದರೂ ಹಳೆಯ ಜಾವಾದ ನೆನಪಿಗೆಂದೇ ಎರಡು ಸೈಲೆನ್ಸರ್ ಕೊಟ್ಟರು. ಜನ ಹಳತೆಂದು ಗುರುತಿಸುವುದು ಆಕಾರವನ್ನು ಎಂಬುದು ಮಾರುವವರಿಗೆ ಚೆನ್ನಾಗಿ ಗೊತ್ತು.

ಹಾಗಿದ್ದರೆ ಯಾರು ಏನು ಮಾಡಿದರೂ ಸರಿಯೇ? ಎಲ್ಲ ಬದಲಾವಣೆಯೂ ಇತಿಹಾಸವಾದರೆ ಕೊನೆಯ ಕೆಲವೇ ಗಾಡಿಗಳನ್ನು ಕತ್ತರಿಸುವವನೂ ಇತಿಹಾಸ ಬರೆಯುತ್ತಿದ್ದಾನೆ ಎನ್ನಬೇಕಲ್ಲ? ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದಕ್ಕೆ ಉತ್ತರ ಬದಲಾವಣೆಯ ಸ್ವಭಾವದಲ್ಲಿದೆ. ಕ್ಯಾರಿಯರ್ ಬಿಚ್ಚಬಹುದು, ಆರು ವೋಲ್ಟಿನ ಡೈನಮೋ ತೆಗೆದು ಡಬ್ಬಿಯಲ್ಲಿಟ್ಟರೆ ಮತ್ತೆ ಕೂರಿಸಬಹುದು. ಫ್ರೇಮಿನ ಹಿಂಭಾಗ ಕೊಯ್ದರೆ, ಕ್ರ್ಯಾಂಕ್‌ಕೇಸಿನ ನಂಬರನ್ನು ಗ್ರೈಂಡರ್‌ನಲ್ಲಿ ಸವೆಸಿದರೆ ಹಿಂದಿರುಗುವ ದಾರಿಯಿಲ್ಲ. ಊರಿಗೊಂದರಂತೆ ಸಿಗುವ ರೋಡ್‌ಕಿಂಗ್‌ಗೂ ಕಾಣಸಿಗುವುದೇ ಅಪರೂಪವಾದ ಎರಡು ಸಿಲಿಂಡರಿನ 350ಕ್ಕೂ ಒಂದೇ ಕಟ್ಟುಪಾಡು ಹಾಕಲಾಗದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಯಾರೂ ಕೈಹಾಕದೆ ಉಳಿದ, ಬಣ್ಣ ಮಾಸಿದ, ತೇಪೆ ಹತ್ತಿದ ಗಾಡಿಯನ್ನು ಹೊಚ್ಚಹೊಸದಾಗಿಸುವುದೂ ಹಿಂದಿರುಗದ ದಾರಿಯೇ. ಕಂಪನಿಯೇ ಇಲ್ಲವಾದ ಮೇಲೆ ಅದು ಏನು ಮಾಡಿತೆಂಬುದಕ್ಕೆ ಉಳಿದ ಸಾಕ್ಷಿ ಗಾಡಿಗಳ ಮೈ. ಆ ಮೈಯನ್ನು ಕೆರೆದು ಕ್ರೋಮ್ ಮಾಡಿಸಿದಾಗ ಸಾಕ್ಷಿ ಲೇಪನದಂಗಡಿಯ ಆಮ್ಲದ ತೊಟ್ಟಿಯಲ್ಲಿ ಕರಗಿಹೋಗುತ್ತದೆ. ಈ ವಿಷಯದಲ್ಲಿ ಒರಿಜಿನಲ್‌ವಾದಿಯ ಕುಂಚವೂ ಕಸ್ಟಮ್‌ವಾದಿಯ ಗರಗಸವೂ ಒಂದೇ ತಪ್ಪು ಮಾಡಬಲ್ಲವು.

ಈ ಗೊಂದಲಕ್ಕೆ ದಾರಿ ಹುಡುಕಲು ನಾವು ಲಂಡನ್ನಿಗೆ ಹೋಗಬೇಕಿಲ್ಲ. ನಮ್ಮ ದೇವಾಲಯಗಳ ಜೀರ್ಣೋದ್ಧಾರದ ಪದ್ಧತಿಯನ್ನೇ ನೋಡಬಹುದು. ಕುಸಿದ ಗೋಡೆ ಕಟ್ಟಿಸಿದವನು, ಮಂಟಪ ಸೇರಿಸಿದವನು ಅದನ್ನು ಮುಚ್ಚಿಡುತ್ತಿರಲಿಲ್ಲ. ಯಾವ ಸಂವತ್ಸರದಲ್ಲಿ, ಯಾರು, ಏನು ಮಾಡಿಸಿದರೆಂದು ಕಲ್ಲಿನಲ್ಲಿ ಬರೆಸುತ್ತಿದ್ದ. ಗುಡಿ ಬೆಳೆಯಿತು, ಬದಲಾಯಿತು. ಬದಲಾವಣೆಯ ಲೆಕ್ಕವೂ ಉಳಿಯಿತು. ಅದೇ ತಮಿಳುನಾಡಿನ ದೇವಾಲಯಗಳಲ್ಲಿ ಕಂಬಗಳಿಗೆ ಮರಳು ಊದಿ ಹೊಳಪು ತರಲು ಹೊರಟಾಗ ಶಾಸನದ ಅಕ್ಷರಗಳೇ ಸವೆದವೆಂದು ತಜ್ಞರು ತಕರಾರು ಎತ್ತಿದರು. ಹಳೆಯ ಫ್ರೇಮಿಗೂ ಶೆಡ್ಡಿನವರು ಮೊದಲು ಮಾಡಿಸುವುದು ಇದೇ ಸ್ಯಾಂಡ್ ಬ್ಲಾಸ್ಟಿಂಗ್. ಮಾಡಿಸಲಿ, ಆದರೆ ಅದಕ್ಕೆ ಮುಂಚೆ ಒಂದು ನೋಟ್‌ಬುಕ್ ತೆರೆಯಲಿ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ, ಬಣ್ಣದ ಪದರುಗಳು ಎಷ್ಟು, ಕೆಳಗಿನ ಪದರು ಯಾವುದು, ಪಿಸ್ಟನ್ ಅಳತೆ ಎಷ್ಟು, ಯಾವ ಭಾಗದ ಮೇಲೆ ಯಾವ ಕಂಪನಿಯ ಮುದ್ರೆ, ಯಾವುದನ್ನು ತೆಗೆದೆ, ತೆಗೆದದ್ದು ಎಲ್ಲಿದೆ. ಹಳೆಯ ಟ್ಯಾಕ್ಸ್ ಕಾರ್ಡು, ಗ್ಯಾರೇಜಿನ ಬಿಲ್ಲುಗಳು ಸಿಕ್ಕರೆ ಅವೂ ಅದರೊಳಗೆ. ಗಾಡಿ ಮಾರಿದರೆ ಆರ್‌ಸಿಯ ಜೊತೆ ಈ ಪುಸ್ತಕವೂ ಕೈಬದಲಾಗಬೇಕು. ಬೆಲೆ ಕಟ್ಟುವವರು ಬಣ್ಣದ ಛಾಯೆಗೆ ಕೊಡುವ ಗಮನವನ್ನು ಇದಕ್ಕೆ ಕೊಡತೊಡಗಿದರೆ ಹವ್ಯಾಸದ ದಿಕ್ಕೇ ಬದಲಾಗುತ್ತದೆ.

ಇಷ್ಟಕ್ಕೂ ಇದು ಒಂದು ಮೋಟಾರ್‌ಸೈಕಲ್ಲು, ಅಂಗಡಿಯಲ್ಲಿ ಮಾರಿದ ಸರಕು; ಗಂಡಸರ ಯೌವನದ ಹಳಹಳಿಕೆಗೆ ಶಾಸನದ ಮಾತೇಕೆ ಎಂದು ನಗುವವರಿದ್ದಾರೆ. ಹಳಹಳಿಕೆ ಇದೆ, ಅಲ್ಲಗಳೆಯಬೇಕಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಮೈಸೂರಿನ ಚರಿತ್ರೆಯನ್ನು ಅರಮನೆ ಮತ್ತು ದಸರೆಯಿಂದ ಮಾತ್ರ ಬರೆಯಲಾಗದು. ಸೈರನ್ ಕೂಗಿಗೆ ಯಾದವಗಿರಿಯ ಗೇಟಿಗೆ ಬಂದವರು, ಮೊಹರು ಒತ್ತಿದವರು, ಗಿಯರ್ ಕೊರೆದವರು, ಕಾರ್ಖಾನೆ ಮುಚ್ಚಿದ ಮೇಲೆ ಬೀದಿ ಬದಿಯ ಶೆಡ್ಡಿನಲ್ಲಿ ಅದೇ ವಿದ್ಯೆಯಿಂದ ಬದುಕು ಕಟ್ಟಿಕೊಂಡವರು ಆ ಚರಿತ್ರೆಯೊಳಗೆ ಇದ್ದಾರೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವ, ಮತ್ತೆ ಕೆಳಗಿಳಿಸಿದರೆ ಗಿಯರ್ ಆಗುವ ಆ ಒಂದೇ ಲಿವರನ್ನು ಬಿಚ್ಚಿ ಜೋಡಿಸುವ ಜಾಣ್ಮೆ ಯಾವ ಪಠ್ಯಪುಸ್ತಕದಿಂದಲೂ ಬಂದದ್ದಲ್ಲ. ಕೈಯಿಂದ ಕೈಗೆ ದಾಟಿದ್ದು. ಆ ಕೈಗಳ ಬಗ್ಗೆ ಬರವಣಿಗೆಯಲ್ಲಿ ಉಳಿದಿರುವುದು ತೀರಾ ಕಡಿಮೆ. ಅವರ ಕೆಲಸ ಉಳಿದಿರುವುದು ಗಾಡಿಗಳ ಮೈಮೇಲೆ. ಮನೆಯ ಶೆಡ್ಡಿನಲ್ಲಿ ಗಾಡಿ ಬಿಚ್ಚುವವನು, ತನಗೆ ತಿಳಿದಿರಲಿ ಬಿಡಲಿ, ಆ ದಾಖಲೆಯ ಕಟ್ಟನ್ನು ಬಿಚ್ಚುತ್ತಿದ್ದಾನೆ. ಮರೂನ್ ಬಳಿಯುತ್ತಾನೋ ಮ್ಯಾಟ್ ಕಪ್ಪು ಬಳಿಯುತ್ತಾನೋ ಅವನ ಇಷ್ಟ. ಬಳಿಯುವ ಮುಂಚೆ ಕೆಳಗೆ ಏನಿತ್ತೆಂದು ಬರೆದಿಡುವುದು ಮಾತ್ರ ಅವನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಅದು ಅವನಿಗಿಂತ ಮೊದಲು ಆ ಗಾಡಿಯನ್ನು ಓಡುವಂತೆ ಇಟ್ಟವರೆಲ್ಲರಿಗೂ ಸಲ್ಲಬೇಕಾದ ಬಾಕಿ.